ನ್ಯಾನೊಮೀಟರ್ ದಪ್ಪದ ಕೀಲೆಣ್ಣೆ ಪದರವನ್ನು ಅಳೆಯುವುದು ಹೇಗೆ?

ಹಾರ್ಡ್ ಡಿಸ್ಕ್‌ನೊಳಗೆ ತಿರುಗುವ ತಟ್ಟೆಗೆ ಗಡಸು ಇಂಗಾಲದ ಲೇಪವಿದ್ದು, ಅದರ ಮೇಲೆ ಪರ್‌ಫ್ಲೋರೋಪಾಲಿಈಥರ್ ಎಂಬ ಕೀಲೆಣ್ಣೆಯನ್ನು ಸುಮಾರು 1ರಿಂದ 2 ನ್ಯಾನೊಮೀಟರ್ ದಪ್ಪಕ್ಕೆ ಸವರಿರುತ್ತಾರೆ. ಮೀಟರಿನ 100 ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಮೀಟರ್. ಹಾಗಾಗಿ ಈ ಪದರದ ದಪ್ಪ ಹೆಚ್ಚುಕಡಿಮೆ ಒಂದು ಅಣುವಿನಷ್ಟೇ. ಓದಿ ಬರೆಯುವ ಹೆಡ್ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಸಾಗುವುದರಿಂದ, ಪದರ ತೀರಾ ತೆಳುವಾದರೆ ತಟ್ಟೆ ಸವೆಯುತ್ತದೆ, ದಪ್ಪವಾದರೆ ಎಣ್ಣೆ ಹೆಡ್‌ಗೆ ಅಂಟಿಕೊಳ್ಳುತ್ತದೆ. ಇಂಥ ಪದರದ ದಪ್ಪವನ್ನು ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್ ತೋರಿಸಲಾರದು. ಇದಕ್ಕೆ ಒದಗಿಬಂದದ್ದು ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ 1986ರಲ್ಲಿ ಪ್ರಕಟಿಸಿದ ಆಟಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದರೆ ಎಎಫ್‌ಎಂ. ಇದು ಬೆಳಕಿನಿಂದ ನೋಡುವ ಬದಲು, ಚೂಪು ಮೊನೆಯ ಮೇಲೆ ಬೀಳುವ ಬಲವನ್ನು ಅಳೆಯುತ್ತದೆ. ಕ್ಯಾಲಿಫೋರ್ನಿಯಾದ ಐಬಿಎಂ ಅಲ್ಮಡೆನ್ ಸಂಶೋಧನಾ ಕೇಂದ್ರದಲ್ಲಿ ಮ್ಯಾಥ್ಯೂ ಮೇಟ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಅದರಿಂದ ದ್ರವಪದರಗಳನ್ನು ಅಳೆದು ತೋರಿಸಿದರು.

ಮೊದಲು ಮಾದರಿಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಫ್ಲೋರಿನ್‌ಯುಕ್ತ ದ್ರಾವಕದಲ್ಲಿ ಕೀಲೆಣ್ಣೆಯನ್ನು ಕರಗಿಸಿ, ತಟ್ಟೆಯನ್ನು ಅದರಲ್ಲಿ ಅದ್ದಿ, ಒಂದೇ ವೇಗದಲ್ಲಿ ಮೇಲೆತ್ತಬೇಕು. ದ್ರಾವಕ ಆರಿಹೋಗಿ ಎಣ್ಣೆ ಉಳಿಯುತ್ತದೆ. ಬೇಗ ಎತ್ತಿದಷ್ಟೂ ಪದರ ದಪ್ಪವಾಗುವುದರಿಂದ, ಬೇರೆ ಬೇರೆ ವೇಗಗಳಲ್ಲಿ ನಾಲ್ಕೈದು ಮಾದರಿಗಳನ್ನು ಮಾಡಿಕೊಳ್ಳಿ. ಹೋಲಿಕೆಗಾಗಿ ಎಣ್ಣೆ ಸವರದ ಒಂದು ತಟ್ಟೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಗಾಳಿಯ ತೇವದಿಂದ ಬರಿಯ ತಟ್ಟೆಯ ಮೇಲೂ ನೀರಿನ ತೆಳುಪದರ ಕೂರುತ್ತದೆ, ಆದ್ದರಿಂದ ಎಲ್ಲ ಅಳತೆಗಳೂ ಒಂದೇ ತೇವಾಂಶದಲ್ಲಿ ಆಗಬೇಕು.

ಮುಂದಿನದು ಎಎಫ್‌ಎಂಗೆ ಬೇಕಾದ ಕ್ಯಾಂಟಿಲಿವರ್‌ನ ಆಯ್ಕೆ. ತುದಿಯಲ್ಲಿ ಚೂಪು ಮೊನೆ ಇರುವ ಈ ಪುಟ್ಟ ಪಟ್ಟಿ ಎಷ್ಟು ಬಾಗಿತೆಂಬುದರಿಂದಲೇ ನಾವು ಬಲವನ್ನು ತಿಳಿಯುತ್ತೇವೆ. ಮೊನೆಯ ತ್ರಿಜ್ಯ 10 ನ್ಯಾನೊಮೀಟರ್, ಎಣ್ಣೆಯ ಮೇಲ್ಮೈ ಎಳೆತ ಮೀಟರಿಗೆ 20 ಮಿಲಿನ್ಯೂಟನ್ ಎಂದಿಟ್ಟುಕೊಂಡರೆ, ಎಣ್ಣೆ ಮೊನೆಯನ್ನು ಎಳೆಯುವ ಬಲ ಸುಮಾರು 2.5 ನ್ಯಾನೊನ್ಯೂಟನ್. ಬಿಗಿತ ಮೀಟರಿಗೆ 1 ನ್ಯೂಟನ್ ಇರುವ ಪಟ್ಟಿ ಆಗ 2.5 ನ್ಯಾನೊಮೀಟರ್ ಬಾಗುತ್ತದೆ, ಅದನ್ನು ಸ್ಪಷ್ಟವಾಗಿ ಅಳೆಯಬಹುದು. ಪಟ್ಟಿ ತೀರಾ ಮೆದುವಾದರೆ ಎಣ್ಣೆಯನ್ನು ಮುಟ್ಟುವ ಮೊದಲೇ ಆಕರ್ಷಣೆಗೆ ಸಿಕ್ಕಿ ಧುಮುಕುತ್ತದೆ. ತೀರಾ ಬಿಗಿಯಾದರೆ ಬಾಗುವುದೇ ತಿಳಿಯುವುದಿಲ್ಲ. ಗಟ್ಟಿ ಸಿಲಿಕಾನ್ ಮೇಲೆ ಒತ್ತಿ ಬಾಗುವಿಕೆಯ ಮಾಪನಾಂಕವನ್ನು ತೆಗೆದುಕೊಂಡ ಬಳಿಕ, ಉಪಕರಣದ ಉಷ್ಣತೆ ಸ್ಥಿರವಾಗುವವರೆಗೆ ಕಾಯಿರಿ. ಈ ಕಾಯುವಿಕೆಯನ್ನು ಯಾರೂ ತಪ್ಪಿಸಬಾರದು, ಏಕೆಂದರೆ ಒಂದು ನ್ಯಾನೊಮೀಟರಿನ ಜರುಗುವಿಕೆಯೂ ಇಲ್ಲಿ ಪದರದಷ್ಟೇ ದೊಡ್ಡದು.

ಈಗ ಮೊನೆಯನ್ನು ನಿಧಾನವಾಗಿ ಕೆಳಗಿಳಿಸಿ. ಮೊನೆ ಇಳಿದಂತೆ ಬಲ ಹೇಗೆ ಬದಲಾಗುತ್ತದೆಂದು ತೋರಿಸುವ ನಕ್ಷೆಯ ಗೆರೆ ಮೊದಲು ಸಮತಟ್ಟಾಗಿ ಸಾಗಿ, ಎಣ್ಣೆ ಮೊನೆಯನ್ನು ಹಿಡಿದೊಡನೆ ಥಟ್ಟನೆ ಕೆಳಗೆ ಬೀಳುತ್ತದೆ. ಮೊನೆ ಗಟ್ಟಿ ತಳವನ್ನು ತಾಗಿದಾಗ ಕಡಿದಾಗಿ ಮೇಲೇರುತ್ತದೆ. ಈ ಎರಡರ ನಡುವೆ ಮೊನೆ ಕ್ರಮಿಸಿದ ದೂರವೇ ದಪ್ಪದ ಅಳತೆ. ಪಟ್ಟಿ ಬಾಗಿದ ಪ್ರಮಾಣವನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.

ಆದರೆ ಆ ಅಂಕಿಯನ್ನು ಹಾಗೆಯೇ ಬರೆದುಕೊಳ್ಳಬೇಡಿ. ಮೊನೆಗೂ ಎಣ್ಣೆ ಮೆತ್ತಿಕೊಳ್ಳುವುದರಿಂದ ದ್ರವ ದ್ರವಕ್ಕೆ ಮೊದಲೇ ಸೇರಿಬಿಡುತ್ತದೆ, ಹೀಗಾಗಿ ಓದು ನಿಜವಾದ ದಪ್ಪಕ್ಕಿಂತ ಕೆಲವು ನ್ಯಾನೊಮೀಟರ್ ಹೆಚ್ಚು ಬರುತ್ತದೆ. ಹಲವು ಮಾದರಿಗಳು ಬೇಕಾದದ್ದು ಇದಕ್ಕಾಗಿಯೇ. ಅವನ್ನು ಎಲಿಪ್ಸೊಮೀಟರಿನಿಂದಲೂ (ಪ್ರತಿಫಲಿಸಿದ ಬೆಳಕಿನ ಧ್ರುವೀಕರಣದ ಬದಲಾವಣೆಯಿಂದ ದಪ್ಪವನ್ನು ತಿಳಿಸುವ ಉಪಕರಣ) ಅಳೆದು, ಎಲಿಪ್ಸೊಮೀಟರಿನ ಅಳತೆಯನ್ನು ಅಡ್ಡ ಅಕ್ಷದಲ್ಲೂ ಎಎಫ್‌ಎಂನದನ್ನು ಲಂಬ ಅಕ್ಷದಲ್ಲೂ ಗುರುತಿಸಿ ಗೆರೆ ಎಳೆದರೆ, ಆ ಗೆರೆ ಸೊನ್ನೆಯಿಂದ ಎಷ್ಟು ಮೇಲೆ ಲಂಬ ಅಕ್ಷವನ್ನು ಕತ್ತರಿಸುತ್ತದೋ ಅಷ್ಟು ಭಾಗ ಮೊನೆಯದು. ಅದನ್ನು ಕಳೆದರೆ ಮಾತ್ರ ಪದರದ ದಪ್ಪ ಸಿಗುತ್ತದೆ. ಎಎಫ್‌ಎಂನ ಒಂದೇ ಓದನ್ನು ನಂಬಿದ ಲೆಕ್ಕ ನನ್ನ ದೃಷ್ಟಿಯಲ್ಲಿ ಅಳತೆಯೇ ಅಲ್ಲ. ಮೊನೆ ಬದಲಾದರೆ ಈ ಕೆಲಸವನ್ನೆಲ್ಲ ಮತ್ತೆ ಮಾಡಬೇಕು.

ಮೊನೆಯನ್ನು ಹಿಂದಕ್ಕೆಳೆಯುವಾಗಿನ ಗೆರೆಯನ್ನೂ ಗಮನಿಸಿ. ಎಣ್ಣೆ ಹರಿದಾಡುವಂತಿದ್ದರೆ ಅದು ಮೊನೆಯ ಜೊತೆ ಸೇತುವೆಯಂತೆ ಉದ್ದಕ್ಕೆ ಎಳೆದುಕೊಂಡು ಬಂದು ಆಮೇಲೆ ಕಡಿಯುತ್ತದೆ. ತಳಕ್ಕೆ ರಾಸಾಯನಿಕವಾಗಿ ಬೆಸೆದುಕೊಂಡಿದ್ದರೆ ಅಂಥ ಸೇತುವೆ ಕಾಣುವುದಿಲ್ಲ. ಬೆಸೆದ ಪಾಲೆಷ್ಟು ಎಂದು ತಿಳಿಯಲು ತಟ್ಟೆಯನ್ನು ಶುದ್ಧ ದ್ರಾವಕದಲ್ಲಿ ತೊಳೆದು ಮತ್ತೊಮ್ಮೆ ಅಳೆಯಿರಿ: ಉಳಿದದ್ದು ಬೆಸೆದುಕೊಂಡ ಎಣ್ಣೆ, ತೊಳೆದುಹೋದದ್ದು ಹೆಡ್ ತಾಗಿದ ಜಾಗಕ್ಕೆ ಮರಳಿ ಹರಿದು ಅದನ್ನು ತುಂಬಬಲ್ಲ ಎಣ್ಣೆ.