ಕಾಫಿ ಖರೀದಿಯ ಹೊಸಬರಿಗೆ ಮೊಬೈಲಿನಲ್ಲೇ ತರಬೇತಿ: ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಕಾಫಿ ಖರೀದಿ ಸಂಸ್ಥೆಯಲ್ಲಿ ಹೊಸಬರಿಗೆ ಕೆಲಸ ಕಲಿಸುವುದು ನನ್ನ ಜವಾಬ್ದಾರಿ. ಕಳಸ, ಕೊಪ್ಪ, ಮೂಡಿಗೆರೆ, ಸಕಲೇಶಪುರ ಅಂತ ಹುಡುಗರು ಒಬ್ಬೊಬ್ಬರು ಒಂದೊಂದು ಕಡೆ. ಮಳೆಗಾಲದ ಕೊನೆಗೆ ಕೆಲಸಕ್ಕೆ ಸೇರುತ್ತಾರೆ. ಡಿಸೆಂಬರ್ ಹೊತ್ತಿಗೆ ಬೆಳೆಗಾರರ ಕಣದಲ್ಲಿ ನಿಂತು ತೇವ ಅಳೆದು ಬೆಲೆ ಹೇಳಬೇಕು. ಎಲ್ಲರನ್ನೂ ವಾರಗಟ್ಟಲೆ ಇಲ್ಲಿಗೆ ಕರೆಸುವುದು ಆಗದ ಮಾತು. ಹಾಗಾಗಿ ಝೂಮ್‌ನಲ್ಲೇ ಪಾಠ.

ಮೊದಲ ವರ್ಷ ಮೂರು ಗಂಟೆ ನಾನೊಬ್ಬಳೇ ಮಾತಾಡಿದೆ. ಸ್ಲೈಡಿನಲ್ಲಿ ಎಲ್ಲ ಇತ್ತು. ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ತೇವ ಹೆಚ್ಚೆಂದರೆ ಶೇ 10, ಅರೇಬಿಕಾ ಚೆರ್ರಿಗೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 12, ರೋಬಸ್ಟಾ ಚೆರ್ರಿಗೆ 11. "ಅರ್ಥ ಆಯ್ತಾ?" ಅಂದರೆ "ಆಯ್ತು ಮೇಡಂ" ಅಂದರು. ಖರೀದಿ ಶುರುವಾದ ವಾರವೇ ಒಬ್ಬ ಹುಡುಗ ಮೂಟೆಯ ಬಾಯಲ್ಲಿದ್ದ ಕಾಯಿಯನ್ನಷ್ಟೇ ತೆಗೆದು ಅಳೆದ. ಗೋದಾಮಿಗೆ ಬಂದ ಮೇಲೆ ನೋಡಿದರೆ ಅಡಿಯದ್ದೆಲ್ಲ ಹಸಿ. ಒಪ್ಪಿದ ಬೆಲೆಯನ್ನು ಕಡಿಮೆ ಮಾಡಬೇಕಾಯಿತು. "ಅಳೆದಿದ್ದು ನಿಮ್ಮ ಹುಡುಗನೇ ಅಲ್ವಾ ತಾಯಿ?" ಅಂತ ಆ ಬೆಳೆಗಾರರು ಫೋನಿನಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲೆ, ನಡು, ಅಡಿ, ಮೂರೂ ಕಡೆಯಿಂದ ಕಾಯಿ ತೆಗೆಯಬೇಕು ಅಂತ ಹುಡುಗನಿಗೆ ಗೊತ್ತಿತ್ತು. ಸ್ಲೈಡಿನಲ್ಲಿ ಓದಿದ್ದ. ಕೈಗೆ ಮಾತ್ರ ಅಭ್ಯಾಸ ಆಗಿರಲಿಲ್ಲ.

ಮರುವರ್ಷ ಸ್ಲೈಡ್ ಬಿಟ್ಟೆ. ಪಾಠಕ್ಕೆ ನಾಲ್ಕು ದಿನ ಮೊದಲೇ ಪ್ರತಿಯೊಬ್ಬರಿಗೂ ಬಸ್ಸಿನಲ್ಲಿ ಮೂರು ಪೊಟ್ಟಣ ಕಳಿಸಿದೆ. ಹಿಂದಿನ ಸಾಲಿನ ರೋಬಸ್ಟಾ ಚೆರ್ರಿ. ಕೆಂಪು ದಾರದ್ದು ಚೆನ್ನಾಗಿ ಒಣಗಿದ್ದು, ಬಿಳಿ ದಾರದ್ದು ನಾನೇ ತೇವ ಹಿಡಿಸಿದ್ದು. ಹಸಿರು ದಾರದ್ದರಲ್ಲಿ ಜೊಳ್ಳು ಜಾಸ್ತಿ. ಯಾವುದು ಏನು ಅಂತ ಹೇಳಲಿಲ್ಲ. ನೋಡಿ, ಮುಟ್ಟಿ, ಬರೆದಿಟ್ಟುಕೊಂಡು ಬನ್ನಿ ಅಂದೆ, ಅಷ್ಟೇ.

ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿದರೆ ಗಲಗಲ ಅನ್ನಬೇಕು. ನಮ್ಮ ಹಿರಿಯರು ಮೀಟರ್ ಇಲ್ಲದ ಕಾಲದಲ್ಲಿ ಹೀಗೇ ನೋಡುತ್ತಿದ್ದರು. ಇದನ್ನು ಕರೆಯಲ್ಲೇ ಮಾಡಿಸಿದೆ. ಎಲ್ಲರೂ ಫೋನಿನ ಮುಂದೆ ಅಲುಗಿಸಿದರು, ನನಗೆ ಏನೂ ಕೇಳಿಸಲಿಲ್ಲ! ಮಾತು ಬಿಟ್ಟು ಬೇರೆ ಸದ್ದನ್ನು ಝೂಮ್ ತಾನಾಗಿ ಅಡಗಿಸುತ್ತದೆ. ಆಮೇಲೆ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಿ ಅಂದೆ. ಅಲ್ಲಿ ಚೆನ್ನಾಗಿ ಬಂತು. ಕೆಂಪು ದಾರದ್ದಕ್ಕೂ ಬಿಳಿ ದಾರದ್ದಕ್ಕೂ ಇರುವ ವ್ಯತ್ಯಾಸ ಫೋನಿನಲ್ಲೇ ತಿಳಿಯುತ್ತಿತ್ತು. ಒಬ್ಬರದ್ದನ್ನು ಇನ್ನೊಬ್ಬರು ಕೇಳಿ "ಇದು ಹಸಿ" ಅಂತ ಹೇಳಲು ಶುರು ಮಾಡಿದರು. ಅವತ್ತು ನಾನು ಮಾತಾಡಿದ್ದು ತುಂಬಾ ಕಡಿಮೆ.

ಔಟ್‌ಟರ್ನ್, ಅಂದರೆ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕವೂ ಹಾಗೇ. 100 ಗ್ರಾಂ ಚೆರ್ರಿ ತೂಗಿ, ಮನೆಯ ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಸಿಪ್ಪೆ ತೂರಿ, ಉಳಿದ ಬೀಜ ತೂಗಬೇಕು. 52 ಗ್ರಾಂ ಬಂದರೆ 50 ಕೆಜಿ ಮೂಟೆಗೆ 26 ಕೆಜಿ. ಹಸಿರು ದಾರದ ಪೊಟ್ಟಣದಲ್ಲಿ ಅಷ್ಟು ಬರಲಿಲ್ಲ. ಯಾಕೆ ಅಂತ ನಾನು ಹೇಳುವ ಮೊದಲೇ ಕೊಪ್ಪದ ಹುಡುಗಿ "ಇದ್ರಲ್ಲಿ ಜೊಳ್ಳಿದೆ ಮೇಡಂ" ಅಂದಳು.

ಒಂದು ಪಾಠ 40 ನಿಮಿಷ ಮೀರಲ್ಲ. ಝೂಮ್‌ನಲ್ಲಿ ದುಡ್ಡು ಕೊಡದೆ ಸಿಗುವುದೇ ಅಷ್ಟು. ಮೊದಲು ಬೇಜಾರಾಗುತ್ತಿತ್ತು. ಈಗ ದುಡ್ಡು ಕಟ್ಟಿದರೂ ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ. ಒಂದು ಸಲಕ್ಕೆ ಎಂಟು ಜನಕ್ಕಿಂತ ಜಾಸ್ತಿ ಸೇರಿಸಲ್ಲ. ಮಳೆ ಬಂದು ಕರೆಂಟ್ ಹೋದರೆ ಕಳಸದ ಕಡೆ ನೆಟ್‌ವರ್ಕೂ ಹೋಗುತ್ತದೆ. ಅಂಥವರಿಗೆ ಬೈಯಬಾರದು. ಅವತ್ತಿನ ಪಾಠವನ್ನು ಮೂರು ನಿಮಿಷದ ಆಡಿಯೋ ಮಾಡಿ ರಾತ್ರಿ ಕಳಿಸುತ್ತೇನೆ. ಮರುದಿನ ಅವರಿಗೆ ನಾನೇ ಫೋನ್ ಮಾಡುತ್ತೇನೆ. ವಿಡಿಯೋ ಆನ್ ಮಾಡಿ ಅಂತ ಒತ್ತಾಯವಿಲ್ಲ. ಮನೆಯಲ್ಲಿ ಎಲ್ಲರ ನಡುವೆ ಕೂತು ಮುಖ ತೋರಿಸಲು ಕೆಲವರಿಗೆ ಸಂಕೋಚ ಆಗುತ್ತದೆ. ಕ್ಯಾಮೆರಾ ಕೈಯ ಕಡೆ ತಿರುಗಿಸಿ, ಕಾಯಿ ತೋರಿಸಿ ಸಾಕು.

"ಅರ್ಥ ಆಯ್ತಾ?" ಅಂತ ಕೇಳುವುದನ್ನೂ ಬಿಟ್ಟಿದ್ದೇನೆ. ಅದರ ಬದಲು ನಾನೇ ಬೆಳೆಗಾರಳಾಗುತ್ತೇನೆ. "ಏನಪ್ಪಾ, ಪಕ್ಕದ ತೋಟದವರಿಗೆ ಜಾಸ್ತಿ ಕೊಟ್ಟಿದ್ದೀರಂತೆ?" ಅಂತ ಜೋರು ಮಾಡುತ್ತೇನೆ. ಅವರು ಲೆಕ್ಕ ಬಿಡಿಸಿ ನನಗೆ ಒಪ್ಪಿಸಬೇಕು. ಗೊತ್ತಿಲ್ಲದೆ ಇರುವುದು ಅಲ್ಲೇ ಹೊರಗೆ ಬರುತ್ತದೆ.

ಆ ಡಿಸೆಂಬರಿನಲ್ಲಿ ಕಳಸದ ಹುಡುಗ ಕಣದಿಂದಲೇ ಫೋನ್ ಮಾಡಿದ. "ಮೇಡಂ, ಮೇಲಿಂದು 11 ಇದೆ, ಅಡಿಯದ್ದು 14 ಬರ್ತಿದೆ. ಗೌಡ್ರ ಎದುರಿಗೇ ಅಳೆದೆ. ಇನ್ನೆರಡು ದಿನ ಒಣಗಿಸ್ತೀನಿ ಅಂದ್ರು." ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಆ ಗೌಡರ ಹತ್ತಿರವೂ ಒಂದು ಮಾತಾಡಿ ಥ್ಯಾಂಕ್ಸ್ ಹೇಳಿದೆ.

ತಕ್ಕಡಿ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವುದನ್ನು ಮಾತ್ರ ಫೋನಿನಲ್ಲಿ ಕಲಿಸಲು ನನ್ನಿಂದ ಆಗಿಲ್ಲ. ಅದಕ್ಕೆ ನವೆಂಬರಿನಲ್ಲಿ ಒಂದು ದಿನ ಎಲ್ಲರನ್ನೂ ನಮ್ಮ ಗೋದಾಮಿಗೆ ಕರೆಸುತ್ತೇನೆ. ಬಸ್ ಚಾರ್ಜು, ಊಟ ಸಂಸ್ಥೆಯದ್ದೇ.