ಕಾಡು ಆವರಿಸಿದ ಅಂಗಳದಲ್ಲಿ ಹಳೇ ನಾಣ್ಯ: ನಾನು ಹುಡುಕುವ ಬಗೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಕಡೆಯ ಕಾಡುಗಳಲ್ಲಿ ಎಷ್ಟೋ ಭಾಗ 19ನೇ ಶತಮಾನದಲ್ಲಿ ಹೊಲ, ಕುರಿ ಮೇಯುವ ಬಯಲು. ಒಕ್ಕಲುಮಕ್ಕಳು ಪಶ್ಚಿಮದ ಒಳ್ಳೇ ಮಣ್ಣಿಗೋ ಗಿರಣಿ ಊರುಗಳಿಗೋ ಹೊರಟುಹೋದರು, ಹೊಲದಲ್ಲಿ ಮರ ಎದ್ದಿತು. ಮನೆ ಇದ್ದ ಕಡೆ ಈಗ ಕಲ್ಲು ಕಟ್ಟಿದ ನೆಲಮಾಳಿಗೆಯ ಗುಂಡಿ ಮಾತ್ರ. ಇಲ್ಲಿಯವರು ಅದನ್ನು ಸೆಲ್ಲರ್ ಹೋಲ್ ಅನ್ನುತ್ತಾರೆ. ಲೋಹಶೋಧಕ ಯಂತ್ರ (ಮೆಟಲ್ ಡಿಟೆಕ್ಟರ್) ಹಿಡಿದು ನಾಣ್ಯ ಹುಡುಕಬೇಕಾದ್ದು ಅದರ ಸುತ್ತ, ಒಳಗಲ್ಲ. ಒಳಗೆ ಬರೀ ಮೊಳೆ, ಒಲೆಯ ಚೂರು, ಗಾಜು.

ಜಾಗ ಗುರುತಿಸಲು 1850–60ರ ದಶಕಗಳ ಕೌಂಟಿ ನಕ್ಷೆ ಸಾಕು. ಮನೆಗೊಂದು ಚುಕ್ಕೆ, ಪಕ್ಕದಲ್ಲೇ ಯಜಮಾನನ ಹೆಸರು ಇರುತ್ತದೆ. ಅದನ್ನು ಲೈಡಾರ್ ನಕ್ಷೆಯ (ಲೇಸರ್‌ನಿಂದ ನೆಲದ ಉಬ್ಬುತಗ್ಗು ಅಳೆದು ಮಾಡಿದ ನಕ್ಷೆ) ಜತೆ ಹೋಲಿಸಿದರೆ ಕಲ್ಲುಗೋಡೆಗಳೂ ಚೌಕ ತಗ್ಗೂ ಕಾಣುತ್ತವೆ. ಕಾಡಿನೊಳಗೆ ಲೈಲಾಕ್ ಪೊದೆ, ಸೇಬಿನ ಮರ, ನೆಲಕ್ಕೆ ಹಬ್ಬಿದ ವಿಂಕಾ ಕಂಡರೆ ಮನೆ ಹತ್ತಿರದಲ್ಲೇ ಇತ್ತು.

ಜಮೀನಿನ ಮಾಲೀಕರಿಂದ ಬರಹದಲ್ಲೇ ಅನುಮತಿ ಪಡೆಯುತ್ತೇನೆ. ನ್ಯಾಷನಲ್ ಫಾರೆಸ್ಟ್ ಕಡೆ ಯಂತ್ರ ಒಯ್ಯುವುದಿಲ್ಲ. 100 ವರ್ಷ ದಾಟಿದ ಪುರಾತತ್ವ ವಸ್ತುಗಳಿಗೆ ಅಲ್ಲಿ 1979ರ ಕಾಯ್ದೆಯ ರಕ್ಷಣೆಯಿದೆ. ಇದನ್ನು ಓದಿ ನಮ್ಮೂರ ಪಾಳುಗುಡಿ, ಕೋಟೆಗಳ ಹತ್ತಿರ ಅಗೆಯಲು ದಯವಿಟ್ಟು ಹೋಗಬೇಡಿ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ.

ನನ್ನ ಯಂತ್ರ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800. ಮನೆಯ ಸುತ್ತ 11 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ) ತೆಗೆದು 6 ಇಂಚಿನದು ಹಾಕುತ್ತೇನೆ. ದೊಡ್ಡ ಕಾಯಿಲ್ ಕೆಳಗೆ ಒಂದೇ ಸಲ ನಾಲ್ಕು ಮೊಳೆ ಬಂದರೆ ನಾಣ್ಯದ ಸದ್ದು ಮುಚ್ಚಿಹೋಗುತ್ತದೆ. ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) 20, ರಿಕವರಿ ಸ್ಪೀಡ್ (ಒಂದು ವಸ್ತುವಿನ ಸದ್ದು ಮುಗಿಸಿ ಮುಂದಿನದಕ್ಕೆ ಸಜ್ಜಾಗುವ ವೇಗ) 6 ಅಥವಾ 7. ಕಾಯಿಲನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ನಿಧಾನವಾಗಿ ಬೀಸಬೇಕು. ಮೊದಲು ಹೊಸ್ತಿಲ ಕಲ್ಲಿನಿಂದ ಹಳೇ ದಾರಿಯವರೆಗೆ, ಆಮೇಲೆ ಮನೆಗೂ ಕೊಟ್ಟಿಗೆಗೂ ನಡುವೆ. ಜನ ನಿಂತು ಮಾತಾಡಿದ, ಗಾಡಿ ಹತ್ತಿಳಿದ ಕಡೆಯೇ ಜೇಬಿನಿಂದ ಕಾಸು ಬಿದ್ದಿರುವುದು.

ಸದ್ದು ಬಂದ ಕೂಡಲೇ ಅಗೆಯುವುದಿಲ್ಲ. 90 ಡಿಗ್ರಿ ತಿರುಗಿ ನಿಂತು ಮತ್ತೆ ಬೀಸುತ್ತೇನೆ. ಬಾಗಿದ ಮೊಳೆ ಒಂದು ದಿಕ್ಕಿನಿಂದ ಬೆಳ್ಳಿಯಂತೆ ಕೂಗಿ ಇನ್ನೊಂದು ದಿಕ್ಕಿನಿಂದ ಗೊರಗುಡುತ್ತದೆ. ನಾಣ್ಯ ಎರಡೂ ಕಡೆಯಿಂದ ದುಂಡಗೆ ನುಡಿಯುತ್ತದೆ, ಯಂತ್ರದ ಪರದೆಯಲ್ಲೂ ಒಂದೇ ಅಂಕಿ ತೋರುತ್ತದೆ. ಆದರೂ ಹಳೇ ಚಪ್ಪಟೆ ಬಟನ್ನುಗಳಿಂದ ತಪ್ಪಿಸಿಕೊಳ್ಳಲಾಗದು, ಅವನ್ನೂ ಅಗೆಯಲೇಬೇಕು.

ಮೊಳೆಗಳನ್ನು ಎಸೆಯುವ ಮೊದಲು ನೋಡಿ. ಕುಲುಮೆಯಲ್ಲಿ ಬಡಿದದ್ದು ನಾಲ್ಕೂ ಬದಿ ಸಪುರಾಗುತ್ತ ಹೋಗುತ್ತದೆ, ಅಂದರೆ ಮನೆ ಸುಮಾರು 1800ಕ್ಕೂ ಹಿಂದಿನದಿರಬಹುದು. ಎರಡು ಬದಿ ಮಾತ್ರ ಸಪುರಾದ ಯಂತ್ರದ ಮೊಳೆ 19ನೇ ಶತಮಾನದ್ದು. ಬರೀ ದುಂಡು ತಂತಿಮೊಳೆ ಸಿಕ್ಕರೆ ಅಲ್ಲಿ ಲಾರ್ಜ್ ಸೆಂಟ್‌ನ ಆಸೆ ಕಡಿಮೆ. 1793–1857ರ ಈ ತಾಮ್ರದ ನಾಣ್ಯ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಸ್ಪೇನಿನ ಬೆಳ್ಳಿ ರಿಯಾಲ್ ಕೂಡ 1857ರವರೆಗೆ ಇಲ್ಲಿ ಚಲಾವಣೆಯಲ್ಲಿತ್ತು, ಹಾಗಾಗಿ ಸವೆದ ಬೆಳ್ಳಿ ಸಿಕ್ಕರೆ ಅಚ್ಚರಿಯಿಲ್ಲ.

ತರಗೆಲೆ ಸರಿಸಿ, ಮಣ್ಣನ್ನು ಮೂರು ಬದಿ ಕತ್ತರಿಸಿ ಮುಚ್ಚಳದಂತೆ ಮಗುಚುತ್ತೇನೆ. ಪಿನ್‌ಪಾಯಿಂಟರ್‌ನಿಂದ (ಕೈಯಲ್ಲಿ ಹಿಡಿಯುವ ಪುಟ್ಟ ಶೋಧಕ) ಮೊದಲು ಮುಚ್ಚಳ, ಆಮೇಲೆ ಗುಂಡಿಯ ಗೋಡೆ ತಡಕುತ್ತೇನೆ. ಸಲಿಕೆಯ ಅಂಚು ನಾಣ್ಯಕ್ಕೆ ತಗಲುವುದು ಅವಸರದಲ್ಲೇ. ಎಲ್ಲ ತೆಗೆದ ಮೇಲೆ ಗುಂಡಿ ಮುಚ್ಚಿ, ತುಳಿದು, ಎಲೆ ಹರಡುತ್ತೇನೆ.

ಕಾಲಿಡುವ ಮುನ್ನ ಕೋಲಿನಿಂದ ನೆಲ ಕುಟ್ಟಿ ನೋಡಿ. ಮನೆಯ ಹತ್ತಿರ ಬಾವಿ ಇದ್ದೇ ಇರುತ್ತದೆ, ಕೊಳೆತ ಹಲಗೆಯ ಮೇಲೆ ಎಲೆ ಮುಚ್ಚಿಕೊಂಡಿರುತ್ತದೆ. ಲೈಮ್ ರೋಗ ತರುವ ಉಣುಗುಗಳಿವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹಾಕಿ ಒಣಗಿಸಿಕೊಂಡೇ ಹೋಗಬೇಕು. ನವೆಂಬರ್ ಬೇಟೆಯ ಕಾಲ, ಆಗ ಕಿತ್ತಳೆ ಬಣ್ಣದ ಜಾಕೆಟ್ ಇಲ್ಲದೆ ಹೋಗಬಾರದು.

ಬೆಳ್ಳಿಯನ್ನು ನೀರಲ್ಲಿ ತೊಳೆದರೆ ಮುಗಿಯಿತು. ತಾಮ್ರವನ್ನು ಮಾತ್ರ ಬೆರಳಿನಿಂದ ಉಜ್ಜಲೇಬೇಡಿ. ಆಮ್ಲೀಯ ಕಾಡುಮಣ್ಣಿನಲ್ಲಿ ಲೋಹ ಸವೆದು, ಇಸವಿ, ಮುಖ ಎಲ್ಲ ಆ ಹಸಿರು ಪದರದಲ್ಲೇ ಉಳಿದಿರುತ್ತವೆ. ಪದರ ಎದ್ದರೆ ಕೈಯಲ್ಲಿ ಬರೀ ಬಿಲ್ಲೆ. ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮನೆಗೆ ತರುತ್ತೇನೆ, ತಾನಾಗಿ ಒಣಗಿದ ಮೇಲೆ ಹಲ್ಲುಕಡ್ಡಿಯ ತುದಿಯಿಂದ ಭೂತಗನ್ನಡಿಯ ಕೆಳಗೆ ಮಣ್ಣನ್ನಷ್ಟೇ ಬಿಡಿಸುತ್ತೇನೆ.