ಬ್ಯಾಂಕ್ ನೋಟಿಸ್ ಬಂದಿರೋ ಮನೆ ಕೊಳ್ತೀರಾ? ಮೊದಲು ಇದನ್ನ ಓದಿ

ನವನಗರದ ಕಡೆ ಸಾಲ ಬಾಕಿ ಇರುವ ಮನೆ ಅಗ್ಗಕ್ಕೆ ಬಂದಿದೆ, ಹಿಡೀಬಹುದಾ ಅಂತ ಮೊನ್ನೆ ಒಬ್ಬರು ಕೇಳಿದರು. ಹಿಡೀಬಹುದು ರೀ, ಆದರೆ ಮಾಲೀಕರ ಮನೇಲಿ ಚಹಾ ಕುಡಿದು ಸಂಚಕಾರ ಕೊಟ್ಟು ಬರಬೇಡಿ. 2002ರ ಸರ್ಫೇಸಿ ಕಾಯ್ದೆಯಲ್ಲಿ (ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತಗೊಂಡು ಮಾರೋಕೆ ಬಿಡುವ ಕಾಯ್ದೆ) 60 ದಿನದಲ್ಲಿ ಬಾಕಿ ಕಟ್ಟಿ ಅನ್ನೋ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಅವರು ಮನೆ ಮಾರುವಂತಿಲ್ಲ. ನನಗೆ ಇದು ಗೊತ್ತಿರಲಿಲ್ಲ, 50 ಸಾವಿರ ಕೊಟ್ಟೆ, ವಾಪಸ್ ಪಡೆಯಲು ಎಂಟು ತಿಂಗಳು ಅಲೆದೆ.

ಮೂರೂ ಕಡೆಯವರು ಬ್ಯಾಂಕಿನಲ್ಲೇ ಕೂತು ಮಾತಾಡಿ. ಬಾಕಿ ಎಷ್ಟು, ಯಾವ ತಾರೀಖಿನವರೆಗಿನ ಲೆಕ್ಕ ಅಂತ ಪತ್ರ ಬರೆಸಿಕೊಳ್ಳಿ, ಯಾಕಂದ್ರೆ ಬಡ್ಡಿ ದಿನಾ ಏರ್ತಾನೇ ಇರುತ್ತದೆ. ದುಡ್ಡು ನೇರ ಸಾಲದ ಖಾತೆಗೆ ಹೋಗಲಿ, ಮಾಲೀಕರ ಕೈಗೆ ಬೇಡ. ಉಳಿದದ್ದು ರಿಜಿಸ್ಟ್ರಿ ದಿನ ಕೊಡಿ.

ಉತಾರದಲ್ಲಿ (ಆಸ್ತಿಯ ದಾಖಲೆ ಪತ್ರ) ಬೋಜಾ, ಅಂದ್ರೆ ಸಾಲದ ಹೊರೆ, ನೋಡಿ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಬ್ಯಾಂಕ್ ಸಾಲ ಒಂದೇ ಅಂತಾರೆ, ನೋಡಿದರೆ ಸೊಸೈಟಿದೂ ಇರುತ್ತದೆ!

ಪೇಪರಿನಲ್ಲಿ ಹರಾಜಿನ ಜಾಹೀರಾತು ಬಂದುಬಿಟ್ಟರೆ ಆಟವೇ ಬೇರೆ. ಗೆದ್ದವರು ಅವತ್ತೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕೂಗಿದ ಬೆಲೆಯ ಶೇ. 25, ಮಿಕ್ಕಿದ್ದನ್ನು ಮಾರಾಟ ಖಚಿತವಾದ ಮೇಲೆ ಮಾಮೂಲಿಯಾಗಿ 15 ದಿನದಲ್ಲಿ ಕಟ್ಟಬೇಕು, ಅಷ್ಟರಲ್ಲಿ ಹೋಮ್ ಲೋನ್ ಆಗುವುದು ಕಷ್ಟ. ಜಾಹೀರಾತಿನಲ್ಲಿ ‘ಸಾಂಕೇತಿಕ ಸ್ವಾಧೀನ’ (ಬ್ಯಾಂಕಿನ ವಶ ಬರೀ ಕಾಗದದ ಮೇಲೆ) ಅಂತ ಇದ್ದರೆ ಒಳಗೆ ಇನ್ನೂ ಜನ ಇರಬಹುದು. ಒಮ್ಮೆ ಸಂಜೆ ಹೊತ್ತು ಆ ಓಣಿಗೆ ಹೋಗಿ ನೋಡಿ, ಲೈಟ್ ಉರಿಯುತ್ತಿದೆಯಾ ಅಂತ.